‘ನೋಡೋಣ’ ಎಂದಿದ್ದಕ್ಕೆ ಎರಡು ಪರ್ಸೆಂಟ್

ಉಪನೋಂದಣಿ ಕಚೇರಿಯ ಅಂಗಳದಲ್ಲಿ ದಳ್ಳಾಳಿ ನನ್ನೆದುರು ನಿಂತು ನೋಟುಪುಸ್ತಕ ಬಿಚ್ಚಿದಾಗ ಹನ್ನೊಂದೂವರೆ. 2023ರ ಸೆಪ್ಟೆಂಬರ್ 27, ಬುಧವಾರ. ಆ ದಿನ ತಪ್ಪಿದರೆ ಅಮ್ಮನ ಮನೆ ಮಾರಲು ನಮಗೆ ಬೇರೆ ದಿನವಿರಲಿಲ್ಲ. ಮರುದಿನ ಈದ್ ಮಿಲಾದ್ ರಜೆ, ಶುಕ್ರವಾರ ಕಾವೇರಿಗಾಗಿ ಕರ್ನಾಟಕ ಬಂದ್, ಶನಿವಾರದಿಂದ ಪಕ್ಷಮಾಸ. ಪಕ್ಷದಲ್ಲಿ ಮನೆ ಕೊಳ್ಳುವುದಿಲ್ಲವೆಂದು ಕೊಳ್ಳುವವರು ಮೊದಲೇ ಹೇಳಿದ್ದರು. ಪಕ್ಷ ಕಳೆಯಲಿ ಎಂದು ಕಾಯುವಂತೆಯೂ ಇರಲಿಲ್ಲ, ಅಕ್ಟೋಬರ್ 1ರಿಂದ ಮಾರ್ಗಸೂಚಿ ದರ, ಅಂದರೆ ಆಸ್ತಿಗೆ ಸರ್ಕಾರ ಗೊತ್ತುಮಾಡುವ ಬೆಲೆ, ಏರುವುದಿತ್ತು. ಹೀಗಾಗಿ ಮೈಸೂರಿನಲ್ಲಿ ಆಸ್ತಿ ಕೊಳ್ಳುವವರು, ಮಾರುವವರು, ಅವರ ಅಳಿಯಂದಿರು, ಸಾಕ್ಷಿದಾರರು ಎಲ್ಲರೂ ಅಲ್ಲಿದ್ದರು. ಊರಿನಲ್ಲಿ ಕಾವೇರಿ ನೀರಿನ ಗಲಾಟೆ, ಕಚೇರಿಯೊಳಗೆ ‘ಕಾವೇರಿ 2.0’ ಎಂಬ ನೋಂದಣಿ ತಂತ್ರಾಂಶದ ಗಲಾಟೆ. ಎರಡೂ ಕಡೆ ಹರಿವು ನಿಂತಿತ್ತು. ಎಪ್ಪತ್ತೆಂಟು ವರ್ಷದ ಅಮ್ಮ ಒಳಗೆ ಬೆಂಚಿನ ಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕುಳಿತಿದ್ದಳು.

‘ಜೂನ್ 11, ಭಾನುವಾರ, ಸಂಜೆ ನಾಲ್ಕೂವರೆ’ ಎಂದು ಆತ ಓದಿದ. ಕೊಳ್ಳುವವರ ಹೆಸರು, ಮೊಬೈಲ್ ಸಂಖ್ಯೆ, ಅವರು ಬಂದ ಕಾರಿನ ಬಣ್ಣ. ಕೊನೆಗೆ, ‘ಓನರ್ ಮಗಳ ಜತೆ ಮಾತು. 2% ಒಪ್ಪಿಗೆ.’

‘ನಾನು ಯಾವಾಗ ಒಪ್ಪಿದೆ?’ ಎಂದೆ.

‘ನೋಡೋಣ ಎಂದಿರಲ್ಲ ಮೇಡಂ.’

ಎಂದಿದ್ದೆ. ಅದರಲ್ಲಿ ಸುಳ್ಳಿಲ್ಲ. ನಮ್ಮ ಮನೆಗಳಲ್ಲಿ ‘ನೋಡೋಣ’ ಎಂದರೆ ಬೇಡ ಎಂದೇ ಅರ್ಥ. ಹೆಣ್ಣು ನೋಡಲು ಬಂದವರು ಎದ್ದು ಹೋಗುವಾಗ ಹೇಳುವ ಮಾತು ಅದು, ಸಾಲ ಕೇಳಿದವರಿಗೆ ಹೇಳುವ ಮಾತೂ ಅದೇ. ಆದರೆ ದಳ್ಳಾಳಿಯ ಕಿವಿಯಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಗೊತ್ತಾಗದಂತೆ ಇರುವುದು ಅನುಕೂಲವಾಗಿತ್ತು.

ಮನೆ ಕುವೆಂಪುನಗರದ್ದು, ಮೂವತ್ತು ನಲವತ್ತರ ನಿವೇಶನ. ಅಪ್ಪನಿಗೆ ಸಿ.ಐ.ಟಿ.ಬಿ.ಯಿಂದ, ಅಂದರೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನಿಂದ, ಮಂಜೂರಾಗಿದ್ದು. 1903ರಲ್ಲಿ ಹುಟ್ಟಿದ ಆ ಬೋರ್ಡು ಮುಂದೆ ನಗರಾಭಿವೃದ್ಧಿ ಪ್ರಾಧಿಕಾರವಾದರೂ ಅಮ್ಮನ ಬಾಯಲ್ಲಿ ಇವತ್ತಿಗೂ ಅದು ‘ಸಿ.ಐ.ಟಿ.ಬಿ. ಸೈಟು’. ಅಪ್ಪ ಹೋದಮೇಲೆ ಮರಣಶಾಸನದಂತೆ ಮನೆ ಅಮ್ಮನದಾಯಿತು. ಪಾಲಿಕೆಯ ದಾಖಲೆಯಲ್ಲಿ ಖಾತೆ ಮಾತ್ರ ಅಪ್ಪನ ಹೆಸರಿನಲ್ಲೇ ಇತ್ತು. ಅಮ್ಮನನ್ನು ನನ್ನ ಜತೆ ಬೆಂಗಳೂರಿಗೆ ಕರೆದೊಯ್ಯುವುದೆಂದು ನಿಶ್ಚಯವಾದಾಗ ಮಾರಾಟದ ಹೊಣೆ ನನ್ನ ಮೇಲೆ ಬಿತ್ತು.

ಈ ದಳ್ಳಾಳಿಯ ವ್ಯವಹಾರವೆಲ್ಲ ಅಲ್ಲಿನ ಕಾಂಪ್ಲೆಕ್ಸಿನ ಬಳಿಯ ಚಹಾ ಅಂಗಡಿಯಲ್ಲಿ. ಹಳೆಯ ಸ್ಕೂಟರ್, ದಿನಪತ್ರಿಕೆಯ ಹೊದಿಕೆ ಹಾಕಿದ ನೋಟುಪುಸ್ತಕ. ಇವನ ಮಾತಿನಲ್ಲಿ ಕೊಳ್ಳುವವರು ಮನುಷ್ಯರಲ್ಲ, ‘ಪಾರ್ಟಿ’. ‘ಒಳ್ಳೆಯ ಪಾರ್ಟಿ ಮೇಡಂ, ವೈಟ್ ಪಾರ್ಟಿ’ ಎನ್ನುತ್ತಿದ್ದ. ಹಣವೆಲ್ಲ ಬ್ಯಾಂಕಿನ ಮೂಲಕ ಬರುತ್ತದೆ ಎಂದು ಅರ್ಥ. ಜೂನ್‌ನಲ್ಲಿ ಕರೆತಂದ ಪಾರ್ಟಿ ಎಪ್ಪತ್ತೆಂಟು ಲಕ್ಷ ಎಂದಿತು, ಅಮ್ಮ ತೊಂಬತ್ತಕ್ಕೆ ಅಂಟಿಕೊಂಡಿದ್ದಳು. ಮಾತು ಮುರಿಯಿತು. ನಾನು ಬೆಂಗಳೂರಿಗೆ ಮರಳಿದೆ.

ಆಗಸ್ಟ್‌ನಲ್ಲಿ ಅದೇ ಪಾರ್ಟಿ ಪಕ್ಕದ ಬೀದಿಯ ಪರಿಚಿತರಿಂದ ನನ್ನ ಮೊಬೈಲ್ ಸಂಖ್ಯೆ ಪಡೆದು ನೇರವಾಗಿ ಮಾತಾಡಿದರು. ‘ಮಧ್ಯದಲ್ಲಿ ಯಾರೂ ಬೇಡ. ಅವನಿಗೆ ಕೊಡುವುದನ್ನು ನಾವು ನಾವೇ ಹಂಚಿಕೊಂಡರೆ ಆಯಿತು’ ಎಂದರು. ಎಂಬತ್ತನಾಲ್ಕಕ್ಕೆ ಮುಗಿಯಿತು. ಆ ರಾತ್ರಿ ನಾನು ಸ್ವಲ್ಪ ಹೆಮ್ಮೆಪಟ್ಟೆ ಎಂದು ಒಪ್ಪಿಕೊಳ್ಳಬೇಕು.

ನಡುವೆ ಇನ್ನೊಬ್ಬರಿದ್ದರು. ಟೈ ಕಟ್ಟಿದ ಹುಡುಗರನ್ನು ಕಳಿಸುವ ಒಂದು ಸಂಸ್ಥೆ. ತೊಂಬತ್ತು ದಿನ ನಮ್ಮ ಮೂಲಕವೇ ಮಾರಬೇಕು ಎಂದು ನನ್ನಿಂದ ಸಹಿ ಮಾಡಿಸಿಕೊಂಡು, ಆರು ಚಿತ್ರ ತೆಗೆದು, ಒಬ್ಬರನ್ನೂ ಕರೆತಾರದೆ ಮಾಯವಾಗಿದ್ದರು. ಮಾರಾಟದ ಸುಳಿವು ಸಿಕ್ಕಿದ್ದೇ ತಡ, ಒಂದು ಪರ್ಸೆಂಟ್ ಜತೆಗೆ ಹದಿನೆಂಟು ಪರ್ಸೆಂಟ್ ಜಿ.ಎಸ್.ಟಿ. ಎಂಬ ಪತ್ರ ಬಂತು, ಕೆಳಗೆ ದಪ್ಪಕ್ಷರದಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಸಂಖ್ಯೆ. ವಕೀಲಿಕೆ ಮಾಡುವ ನನ್ನ ಚಿಕ್ಕಪ್ಪನ ಮಗ ನಕ್ಕ. 2016ರ ಆ ಕಾಯಿದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ಮಾರಾಟಕ್ಕೆ. ನಲವತ್ತು ವರ್ಷ ಹಳೆಯ ಮನೆಗೂ ಅದಕ್ಕೂ ಸಂಬಂಧವಿಲ್ಲ. ಕರಾರಿನ ತೊಂಬತ್ತು ದಿನ ಮುಗಿದಿತ್ತು. ಅವಧಿಯ ನಂತರವೂ ಅವರು ತೋರಿಸಿದ ಗಿರಾಕಿ ಕೊಂಡರೆ ಕೊಡಬೇಕು ಎಂಬ ಷರತ್ತೇನೋ ಇತ್ತು, ಆದರೆ ಅವರು ತೋರಿಸಿದವರು ಯಾರೂ ಇರಲಿಲ್ಲವಲ್ಲ. ಎರಡು ಸಾಲಿನ ಉತ್ತರಕ್ಕೆ ಅವರು ತೆಪ್ಪಗಾದರು.

‘ಕಾಗದವಿರುವವನಿಗೆ ಹಕ್ಕಿಲ್ಲ, ಸರಿ. ಆದರೆ ಕಾಗದವಿಲ್ಲದ ಒಬ್ಬನಿದ್ದಾನೆಂದೆಯಲ್ಲ, ಅವನ ಕತೆ ಏನು?’ ಎಂದು ಚಿಕ್ಕಪ್ಪನ ಮಗನೇ ಕೇಳಿದ. ನಾನು ಬಾಯಿಮಾತು ತಾನೇ ಎಂದೆ. ಬಾಯಿಮಾತೂ ಕರಾರೇ, ರುಜುವಾತು ಮಾಡುವುದಷ್ಟೇ ಕಷ್ಟ ಎಂದ. 1872ರ ಕರಾರು ಕಾಯಿದೆಯ 219ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಕೆಲಸ ಪೂರ್ತಿಯಾಗುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ. ಪೂರ್ತಿಯಾದಮೇಲೆ? ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿದ್ದು ಯಾರು, ಆ ಕೂಡಿಕೆಯಿಂದಲೇ ಮಾರಾಟವಾಯಿತೇ ಎಂದು ನ್ಯಾಯಾಲಯ ಕೇಳುತ್ತದೆ ಎಂದ. ನಾನು ಮಾತು ಬದಲಿಸಿದೆ.

ಈಗ ಅಂಗಳದಲ್ಲಿ ಮಾತು ಬದಲಿಸಲು ಜಾಗವಿರಲಿಲ್ಲ. ಸುದ್ದಿ ಇವನಿಗೆ ಹೇಗೆ ಮುಟ್ಟಿತೆಂದು ಕೇಳುವುದೇ ದಡ್ಡತನ. ಪತ್ರ ಬರೆಯುವವರಿಂದ ಎಳನೀರು ಮಾರುವವನವರೆಗೆ ಆ ಅಂಗಳದಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ‘ಒಂದು ಲಕ್ಷದ ಅರವತ್ತೆಂಟು ಸಾವಿರ’ ಎಂದ ಆತ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೇ ಏರಿಸಿದೆ. ಎರಡು ತಿಂಗಳು ಎಲ್ಲಿದ್ದೆ, ಎಪ್ಪತ್ತೆಂಟನ್ನು ಎಂಬತ್ತನಾಲ್ಕು ಮಾಡಿದ್ದು ನೀನೋ ನಾನೋ ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಕೊಳ್ಳುವವರತ್ತ ನೋಡಿದರೆ, ಮುದ್ರಾಂಕ, ಸೆಸ್, ನೋಂದಣಿ ಎಂದು ನೂರಕ್ಕೆ 6.6ರಂತೆ ಐದೂವರೆ ಲಕ್ಷವನ್ನು ತುಟಿ ಬಿಚ್ಚದೆ ಕಟ್ಟಿ ಬಂದ ಆ ಮಹಾಶಯರು ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಗೇಟಿನಾಚೆ ನಡೆಯುತ್ತಿದ್ದರು. ಅತ್ತ ಕಡೆ ಯಾರೂ ಮಾತಾಡುತ್ತಿರಲಿಲ್ಲವೆಂದು ಆಣೆ ಮಾಡಿ ಹೇಳಬಲ್ಲೆ.

ನನ್ನ ದನಿ ಕೇಳಿ ಅಮ್ಮ ಹೊರಗೆ ಬಂದಳು. ಆತ ನೋಟುಪುಸ್ತಕ ಮುಚ್ಚಿ ನಮಸ್ಕಾರ ಮಾಡಿದ.

‘ಇವನಿಗೆ ಕೊಟ್ಟಿಲ್ಲವೇನೇ?’ ಎಂದಳು.

ಬೀದಿಯಲ್ಲಿ ಬೇಡ ಎಂದು ನಾನು ಸನ್ನೆ ಮಾಡಿದೆ. ಅಮ್ಮ ಸನ್ನೆಗಳನ್ನು ಬಿಟ್ಟು ಬಹಳ ಕಾಲವಾಯಿತು. ಆಗ ಹೊರಬಿದ್ದದ್ದು ಇದು: ಖಾತೆಯನ್ನು ಅಪ್ಪನ ಹೆಸರಿನಿಂದ ಅಮ್ಮನ ಹೆಸರಿಗೆ ಮಾಡಿಸಲು ಪಾಲಿಕೆಯ ವಲಯ ಕಚೇರಿಗೆ ಜುಲೈನಲ್ಲಿ ನಾಲ್ಕು ಸಲ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದವನು ಈತ. ಕಂದಾಯದ ರಸೀದಿಗಳನ್ನು ಜೋಡಿಸಿದವನು, ಮನೆಯ ಮೇಲೆ ಸಾಲವಿಲ್ಲವೆಂದು ತೋರಿಸುವ ಇ.ಸಿ. ತೆಗೆಸಿದವನು ಈತ. ನಾನು ಬೆಂಗಳೂರಿನಿಂದ ‘ಖಾತೆ ಆಯಿತೇ?’ ಎಂದು ಕೇಳುತ್ತಿದ್ದೆ, ಅಮ್ಮ ‘ಆಗುತ್ತಿದೆ’ ಎನ್ನುತ್ತಿದ್ದಳು. ಹೇಗೆ ಆಗುತ್ತಿದೆಯೆಂದು ನಾನು ಕೇಳಿರಲಿಲ್ಲ. ಖಾತೆಯಿಲ್ಲದೆ ಆ ಪಾರ್ಟಿ ಎರಡನೆಯ ಸಲ ಬರುತ್ತಲೇ ಇರಲಿಲ್ಲ.

‘ಆಟೋ ದುಡ್ಡು ಮಾತ್ರ ಕೊಟ್ಟಿದ್ದೇನೆ. ಉಳಿದದ್ದು ಮಾರಿದಮೇಲೆ ಎಂದು ಇವನೇ ಹೇಳಿದ. ನಾನು ಆಗಲಿ ಎಂದೆ’ ಎಂದಳು ಅಮ್ಮ.

ಹಾಗಾದರೆ ನನ್ನ ‘ನೋಡೋಣ’ದ ಮೇಲೆ ಮನೆಯ ಒಡತಿಯ ‘ಆಗಲಿ’ ಕೂತಿತ್ತು. ಆದರೂ ನಾನು ಚೌಕಾಸಿ ಬಿಡಲಿಲ್ಲ, ಅದು ರಕ್ತದಲ್ಲಿದೆ. ಬೆಲೆ ಏರಿಸಿದ್ದು ನಾನು, ಆದ್ದರಿಂದ ಒಂದು ಪರ್ಸೆಂಟ್ ಎಂದೆ. ಆತ ಒಂದೂವರೆ ಎಂದ. ಅಮ್ಮ ನನ್ನತ್ತ ತಿರುಗಿ, ಕೊಳ್ಳುವವರು ಟಿ.ಡಿ.ಎಸ್. ಎಂದು ತೆರಿಗೆಗೆ ಎಷ್ಟು ಹಿಡಿದುಕೊಂಡರು ಎಂದು ಕೇಳಿದಳು. ನೂರಕ್ಕೆ ಒಂದು, ಎಂಬತ್ತನಾಲ್ಕು ಸಾವಿರ. ‘ಸರ್ಕಾರಕ್ಕೆ ಕೊಟ್ಟಷ್ಟೇ ಇವನಿಗೂ ಕೊಡು’ ಎಂದಳು. ಆತ ಒಂದು ಗಳಿಗೆ ಯೋಚಿಸಿ ತಲೆಯಾಡಿಸಿದ. ಕೊಳ್ಳುವವರ ಪಾಲನ್ನು ಅವರಿಂದಲೇ ವಸೂಲಿ ಮಾಡುತ್ತೇನೆ ಎಂದು ಗೇಟಿನತ್ತ ನೋಡಿದ. ಆ ನೋಟ ಕಂಡು ನನಗೆ ಕೊಂಚ ಸಮಾಧಾನವಾಯಿತು.

ಆಮೇಲಿನದೇ ಕಷ್ಟವಾಯಿತು. ಚೆಕ್ ಕೊಡುತ್ತೇನೆ, ರಸೀದಿ ಬೇಕು ಎಂದೆ. ಮಾರಾಟಕ್ಕೆಂದೇ ಕೊಟ್ಟ ದಳ್ಳಾಳಿ ಹಣವನ್ನು ಬಂಡವಾಳ ಲಾಭದ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು, ಆದರೆ ಪುರಾವೆ ಇರಬೇಕು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ರಸೀದಿ ಕೇಳಿಲ್ಲ, ನನ್ನನ್ನು ನಂಬುವುದಿಲ್ಲವೇ ಎಂದು ಆತ ನೊಂದುಕೊಂಡ. ಕಮಿಷನ್ ಕೊಡುವುದಿಲ್ಲ ಎಂದಾಗ ಆಗದ ಅವಮಾನ ರಸೀದಿ ಕೇಳಿದ್ದಕ್ಕೆ ಆಯಿತು. ಕೊನೆಗೆ ಪತ್ರ ಬರೆಯುವವರ ಮೇಜಿನ ಮೇಲೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿದ. ಅಕ್ಷರ ಗುಂಡಗೆ, ಮೇಷ್ಟರದ್ದರಂತೆ ಇತ್ತು.

ಮೂರು ಗಂಟೆಗೆ ಸರ್ವರ್ ಬಂತು. ಅಮ್ಮನ ಹೆಬ್ಬೆರಳು ಯಂತ್ರಕ್ಕೆ ನಾಲ್ಕು ಸಲ ಗುರುತೇ ಸಿಗಲಿಲ್ಲ. ಐದನೆಯ ಸಲ ಸಿಕ್ಕಿತು, ಮನೆ ಹೋಯಿತು.

ಹೊರಗೆ ಬಂದಾಗ ಆತ ಅಮ್ಮನಿಗಾಗಿ ಆಟೋ ನಿಲ್ಲಿಸಿಕೊಂಡಿದ್ದ. ನೋಟುಪುಸ್ತಕದ ಜೂನ್ 11ರ ಸಾಲಿಗೆ ಅಡ್ಡಗೆರೆ ಎಳೆದು, ಹೊಸ ಹಾಳೆ ತಿರುವಿ, ‘ಮೇಡಂ, ಬೆಂಗಳೂರಿನಲ್ಲಿಯೂ ನಮ್ಮವರಿದ್ದಾರೆ. ಅಮ್ಮನಿಗೆಂದು ನೆಲಮಹಡಿಯ ಮನೆ ಏನಾದರೂ ಹುಡುಕಿಸಲೇ?’ ಎಂದ. ಪೆನ್ನು ಹಾಳೆಯ ಮೇಲೆ ನಿಂತಿತ್ತು.

‘ಬೇಡ’ ಎಂದೆ.

ಆತ ಅದನ್ನೂ ಬರೆದುಕೊಂಡ.