ಬಡಿದರೆ ಮೊಳಗುವ ಕಲ್ಲು, ಸುಟ್ಟ ಸಗಣಿ

ಬಳ್ಳಾರಿಗೆ ಹೋದವರು ಕೋಟೆ ನೋಡುತ್ತಾರೆ, ಇಲ್ಲವೇ ಸೀದಾ ಹಂಪಿಗೆ ಓಡುತ್ತಾರೆ. ಊರಿನ ಪಕ್ಕದಲ್ಲೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳ ಕಡೆ ಹೊರಳುವವರು ಕಡಿಮೆ. ಹಂಪಿ ಕಟ್ಟುವುದಕ್ಕೆ ಸುಮಾರು ಮೂರು ಸಾವಿರ ವರ್ಷ ಮೊದಲೇ ಇಲ್ಲಿ ಜನ ದನ ಸಾಕಿ, ಬೆಳೆ ಬೆಳೆದು ಬದುಕಿದ್ದರು.

ಬಳ್ಳಾರಿಯ ಗೆಳೆಯನ ಜೊತೆ ಬೆಳಗ್ಗೆಯೇ ಅಲ್ಲಿನ ಹಿರೇಗುಡ್ಡ ಹತ್ತಿದೆ. ದಾರಿ ಅಂತ ಏನಿಲ್ಲ. ಬೂದುಬಣ್ಣದ ಗ್ರಾನೈಟ್ ಬಂಡೆಗಳ ನಡುವೆ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಅದನ್ನೇ ಹಿಡಿದು ನಡೆದರೆ ಸಾಕು. ಕಾಲಕೆಳಗೆಲ್ಲ ಚೂಪಾದ ಕಪ್ಪು ಚಕ್ಕೆಗಳು. ಇವು ಕಲ್ಲಿನ ಕೊಡಲಿ ಮಾಡುವಾಗ ಉದುರಿದ್ದು! 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1872ರಲ್ಲಿ ಇಲ್ಲಿಗೂ ಬಂದಿದ್ದ. ಇದೊಂದು ಕೊಡಲಿ ಕಾರ್ಖಾನೆ ಅಂತ ಆಮೇಲೆ ಗೊತ್ತಾಯಿತು. ಬಳ್ಳಾರಿಯ ಮ್ಯೂಸಿಯಂಗೆ ಈಗ ಅವನದೇ ಹೆಸರಿದೆ. ಕಪ್ಪು ಕಲ್ಲನ್ನು ಒಡೆದು, ಆಕಾರ ಕೊಟ್ಟು, ಆಮೇಲೆ ಗ್ರಾನೈಟ್ ಬಂಡೆಯ ಮೇಲೆ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ಆ ತಿಕ್ಕಿದ ತಗ್ಗುಗಳಲ್ಲಿ ಕೈಯಿಟ್ಟೆ, ಗಾಜಿನಷ್ಟು ನುಣುಪು.

ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳು, ಮನುಷ್ಯರ ಚಿತ್ರಗಳು. ಎಲ್ಲವೂ ಹಳೆಯವಲ್ಲ, ಆಮೇಲಿನವರೂ ಕೆತ್ತುತ್ತಾ ಬಂದಿದ್ದಾರೆ. ಕೆಲವಂತೂ ಜೋತುಬಿದ್ದು ಕೆತ್ತಿರಬೇಕು ಅನ್ನುವಂಥ ಜಾಗದಲ್ಲಿವೆ. ಸುಮ್ನೆ ಹೊತ್ತು ಕಳೆಯಲು ಯಾರೂ ಹೀಗೆ ಮಾಡಲ್ಲ, ಅಲ್ವಾ?

ಕುರಿ ಮೇಯಿಸುತ್ತಿದ್ದ ಅಜ್ಜ ಒಂದು ಬಂಡೆ ತೋರಿಸಿ, "ಕಲ್ಲು ತಗಂಡು ಬಡೀರಿ ಸರ, ಗಂಟಿ ಆಗ್ತೈತಿ" ಅಂದ. ಬಡಿದು ಬಡಿದು ಸವೆದ ಹಳೆಯ ಗುಳಿಗಳು ಅದರ ಮೇಲಿದ್ದವು. ನನಗೆ ಮನಸ್ಸಾಗಲಿಲ್ಲ. ಅಜ್ಜನೇ ಚಿತ್ರವಿಲ್ಲದ ಇನ್ನೊಂದು ಬಂಡೆಗೆ ಬಡಿದ. ಟಣ್ ಅಂತ ಗುಡ್ಡವೆಲ್ಲ ಮೊಳಗಿತು. ಕೊಡಲಿಗೂ ಅದೇ ಕಲ್ಲು, ಚಿತ್ರಕ್ಕೂ ಅದೇ, ವಾದ್ಯಕ್ಕೂ ಅದೇ. ಆ ಜನಕ್ಕೆ ಕೆಲಸ ಬೇರೆ, ಹಬ್ಬ ಬೇರೆ ಆಗಿತ್ತು ಅಂತ ನನಗನ್ನಿಸುವುದಿಲ್ಲ. ಸುತ್ತಮುತ್ತ ಕಲ್ಲು ಗಣಿಗಾರಿಕೆ ಗುಡ್ಡಗಳನ್ನು ತಿಂದಿರುವುದು ಕಣ್ಣಿಗೆ ಹೊಡೆಯುತ್ತದೆ. ಹೋಗುವವರು ಬೇಗ ಹೋಗಿ.

ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಹುರುಳಿ ಸಾರು. ಈ ಗುಡ್ಡಗಳ ಮಣ್ಣು ಜಾಲಾಡಿದವರಿಗೆ ಸುಟ್ಟು ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳು ಸಿಕ್ಕಿವೆ. ಊಟ ಅಷ್ಟೇನೂ ಬದಲಾಗಿಲ್ಲ!

ಸಂಜೆ ಹೊಸಪೇಟೆ ರಸ್ತೆಯಲ್ಲಿ ಕುಡತಿನಿಯ ಬೂದಿದಿಬ್ಬ ನೋಡಿದೆವು. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅನ್ನುತ್ತದೆ ಸ್ಥಳದ ಕಥೆ. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದ್ದೇ ದಿಬ್ಬವನ್ನು 1957ರಲ್ಲಿ ಪುರಾತತ್ವಜ್ಞ ಆಲ್‌ಚಿನ್ ಅಗೆದಾಗ ಬೂದಿಯ ಪದರಗಳಲ್ಲಿ ದನದ ಗೊರಸಿನ ಗುರುತುಗಳೇ ಸಿಕ್ಕವು. ಅಂದರೆ ಅದು ದನದ ದೊಡ್ಡಿ. ವರ್ಷಗಟ್ಟಲೆ ರಾಶಿ ಬಿದ್ದ ಸಗಣಿಗೆ ಆಗಾಗ ಬೆಂಕಿ ಹಚ್ಚಿದ್ದಾರೆ, ಕೆಲವು ಕಡೆ ಬೂದಿ ಕರಗಿ ಗಟ್ಟಿಯಾಗುವಷ್ಟು ಜೋರಾಗಿ.

ಗೆಳೆಯನ ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಹೊಲಕ್ಕೆ ಹಾಕೋ ಗೊಬ್ಬರನ ಯಾಕ ಸುಡ್ತಾರಪ್ಪ?" ಅಂದರು. ಆಲ್‌ಚಿನ್ ಇದನ್ನು ದನಗಳ ಹಬ್ಬದ ಬೆಂಕಿಗೆ ಜೋಡಿಸಿದ್ದರು. ನಮ್ಮ ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಹಾಗೆ. ನಾಲ್ಕು ಸಾವಿರ ವರ್ಷ ಒಂದು ಹಬ್ಬ ಹಾಗೇ ಉಳಿದೀತು ಅಂತ ನಂಬುವುದು ನನಗೆ ಕಷ್ಟ. ಆದರೆ ಅಮ್ಮನಿಗೆ ಹೇಳಲು ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ.