ಗುಜರಿ ಅಡುಗೆಮನೆ: ಹಂಚು ಪಳಗಿತು, ಫಿಲ್ಟರ್‌ಗೆ ಕಲಾಯಿ ಆಯಿತು

ಹಂಚು ಕೊನೆಗೂ ದೋಸೆ ಬಿಡುತ್ತಿದೆ. ಎಣ್ಣೆ ಸುರಿಯಬೇಕಿಲ್ಲ, ಮಗುಚುವ ಕೈಯಿಂದ ಕೆರೆಯಬೇಕಿಲ್ಲ, ಅಂಚು ತಾನಾಗಿ ಎದ್ದು ಬರುತ್ತದೆ. ಹಿತ್ತಾಳೆ ಕಾಫಿ ಫಿಲ್ಟರ್ ಒಳಗೆ ಕಲಾಯಿ, ಅಂದರೆ ತವರದ ಲೇಪ, ಹಾಕಿಸಿಕೊಂಡು ಮನೆಗೆ ಬಂದಿದೆ. ಕಾಫಿ ಬೀಜ ಪುಡಿ ಮಾಡುವ ಕೈ ಮಿಷನ್ ಮಾತ್ರ ಇನ್ನೂ ಬಿಡಿಬಿಡಿಯಾಗಿ ಹಳೆ ಪೇಪರ್ ಮೇಲೆ ಮಲಗಿದೆ.

ಹಿಂದಿನದನ್ನು ಓದದವರಿಗೆ ಒಂದು ಮಾತು. ಬೆಳಗಿನ ಕಾಫಿ-ತಿಂಡಿಗೆ ಬೇಕಾದ ಸಾಮಾನನ್ನೆಲ್ಲ ಮೈಸೂರಿನ ಗುಜರಿಗಳಲ್ಲಿ, ಹಳೆ ಪಾತ್ರೆ ಅಂಗಡಿಗಳಲ್ಲಿ ಹುಡುಕಬೇಕು, ರಿಪೇರಿ ಮಾಡಬೇಕು, ದಿನಾ ಬಳಸಬೇಕು ಅನ್ನೋದು ನನ್ನ ಯೋಜನೆ. ಹುಣಿಸೆಹಣ್ಣು ಹಾಕಿ ಫಳಫಳ ಉಜ್ಜಿ ಟೀವಿ ಪಕ್ಕ ಇಡುವವರ ಬಗ್ಗೆ ನನಗೇನೂ ಸಿಟ್ಟಿಲ್ಲ, ಆದರೆ ನಮ್ಮ ಮನೆಯಲ್ಲಿ ಜಾಗ ಕಡಿಮೆ. ಒಲೆ ಹತ್ತಿರ ಕೆಲಸ ಇಲ್ಲದ ವಸ್ತುವಿಗೆ ಒಳಗೆ ಪ್ರವೇಶ ಇಲ್ಲ.

ಸುತ್ತಾಟ ಹೆಚ್ಚಾಗಿ ಮಂಡಿ ಮೊಹಲ್ಲಾ, ಸಂತೆಪೇಟೆ, ದೇವರಾಜ ಮಾರುಕಟ್ಟೆ ಆಸುಪಾಸು. ಗುಜರಿಯಲ್ಲಿ ಎಲ್ಲಕ್ಕೂ ತೂಕದ ಬೆಲೆ. ಕಬ್ಬಿಣ ಅಂದರೆ ಕಬ್ಬಿಣ, ಹಿತ್ತಾಳೆ ಅಂದರೆ ಹಿತ್ತಾಳೆ. ಒಳ್ಳೆ ಕೈಯ ಕೆಲಸಗಾರ ಎರಕ ಹೊಯ್ದ ಸಮನಾದ ಹಂಚಿಗೂ ಮುರಿದ ಗೇಟಿನ ತುಂಡಿಗೂ ತಕ್ಕಡಿ ಮೇಲೆ ಒಂದೇ ಮರ್ಯಾದೆ. ನಮ್ಮಂಥವರಿಗೆ ಲಾಭ ಇರೋದು ಇಲ್ಲೇ. ಅಂಗಡಿಯವನು ಲೋಹ ಮಾರುತ್ತಾನೆ, ನಾವು ಆಕಾರ ಕೊಂಡುಕೊಂಡು ಬರುತ್ತೇವೆ. ಆದರೆ "ಅಯ್ಯೋ ಎಷ್ಟು ಚೆನ್ನಾಗಿದೆ" ಅಂತ ಬಾಯಿಬಿಟ್ಟಿರೋ, ಅಲ್ಲಿಗೆ ಅದು ಆಂಟಿಕ್ ಆಗಿ ಬೆಲೆ ಮೂರು ಪಟ್ಟು ಆಗುತ್ತದೆ. ಸುಮ್ನೆ ಮುಖ ಗಂಟು ಹಾಕಿಕೊಂಡು ತಿರುಗಿಸಿ ನೋಡಬೇಕು.

ಹಂಚಿನ ವಿಷಯಕ್ಕೆ ಬರ್ತೀನಿ. ಬೀಡಿನ (ಎರಕದ ಕಬ್ಬಿಣದ) ಹಂಚು ಕೊಳ್ಳುವಾಗ ತುಕ್ಕು ನೋಡಿ ಹೆದರಬೇಡಿ, ತುಕ್ಕು ಹೋಗುತ್ತದೆ. ಹೆದರಬೇಕಾದ್ದು ಬಿರುಕಿಗೆ. ಹಿಡಿಯಲ್ಲಿ ಎತ್ತಿ ಹಿಡಿದು ಚಮಚದಿಂದ ಹೊಡೆಯಿರಿ. ಠಣ್ ಅಂತ ಎಳೆದ ಶಬ್ದ ಬಂದರೆ ಸರಿ, ಡಬ್ ಅಂತ ಸತ್ತ ಶಬ್ದ ಬಂದರೆ ಎಲ್ಲೋ ಕೂದಲೆಳೆಯಷ್ಟು ಸೀಳಿದೆ ಅಂತ ಅನುಮಾನ ಪಡಬೇಕು. ಬೀಡಿಗೆ ವೆಲ್ಡಿಂಗ್ ಸುಲಭದಲ್ಲಿ ಕೂರುವುದಿಲ್ಲ, ಆ ಹಂಚು ಅಲ್ಲೇ ಇರಲಿ. ಆಮೇಲೆ ಒಂದು ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಕೆಳಗೆ ಬೆಳಕು ಎಷ್ಟು ಕಾಣುತ್ತದೆ ನೋಡಿ. ನಡುವೆ ಸ್ವಲ್ಪ ತಗ್ಗಿದ್ದರೆ ಪರವಾಗಿಲ್ಲ. ಉಬ್ಬಿದ್ದರೆ ಎಣ್ಣೆಯೆಲ್ಲ ಅಂಚಿಗೆ ಓಡಿ ನಡುವಿನ ದೋಸೆ ಒಣಗುತ್ತದೆ.

ನನಗೆ ಸಿಕ್ಕಿದ್ದು ಕೆಂಪಗೆ ತುಕ್ಕು ಹಿಡಿದ, ದಪ್ಪನೆಯ, ಎರಡೂ ಕಡೆ ಕಿವಿಯಿದ್ದ ಹಂಚು. ಅರ್ಧ ವಿನಿಗರ್ ಅರ್ಧ ನೀರಿನಲ್ಲಿ ಮುಳುಗಿಸಿಟ್ಟು, ಆಗಾಗ ತೆಗೆದು ತಂತಿ ನಾರಿನಿಂದ ತಿಕ್ಕಿದೆ. ರಾತ್ರಿಯೆಲ್ಲ ಬಿಡಬಾರದು, ತುಕ್ಕು ತಿಂದು ಮುಗಿಸಿದ ಹುಳಿ ಮುಂದೆ ಕಬ್ಬಿಣವನ್ನೇ ತಿನ್ನೋಕೆ ಶುರು ಮಾಡುತ್ತದೆ. ಬೂದು ಬಣ್ಣದ ಬರಿ ಲೋಹ ಕಂಡ ಕೂಡಲೇ ತೊಳೆದು ಒಲೆ ಮೇಲೆ ಒಣಗಿಸಿದೆ. ಬಟ್ಟೆಯಲ್ಲಿ ಒರೆಸಿ ಬಿಟ್ಟರೆ ಸಾಲದು, ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತದೆ.

ಇನ್ನು ಪಳಗಿಸೋದು. ಕಡಲೆಕಾಯಿ ಎಣ್ಣೆ ಸವರಿ, ಸವರಿದ್ದನ್ನೆಲ್ಲ ಒರೆಸಿ ತೆಗೆದು, ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಒಲೆ ಮೇಲೆ ಇಟ್ಟು ಹೊಗೆ ಬಂದು ನಿಲ್ಲುವ ತನಕ ಕಾಯಿಸಬೇಕು. ಆ ತೆಳು ಎಣ್ಣೆ ಬಿಸಿಗೆ ಗಟ್ಟಿಯಾಗಿ, ಒಂದಕ್ಕೊಂದು ಹೆಣೆದುಕೊಂಡು, ಕಬ್ಬಿಣಕ್ಕೆ ಅಂಟಿದ ಪೊರೆಯಾಗುತ್ತದೆ. ನುಣುಪು ಬರೋದು ಆ ಪೊರೆಯಿಂದ. ಎಣ್ಣೆ ಜಾಸ್ತಿ ಹಾಕಿದರೆ ಪೊರೆ ಬರಲ್ಲ, ಅಂಟಂಟು ಜಿಡ್ಡು ಬರುತ್ತದೆ. ಹೀಗೆ ಮೇಲಿಂದ ಮೇಲೆ ಮಾಡುತ್ತ ಹೋದರೆ ಕಂದು, ಆಮೇಲೆ ಕಪ್ಪು. ಮನೆಯೆಲ್ಲ ಹೊಗೆ. ಕಿಟಕಿ ತೆಗೆದೇ ಮಾಡಿ.

ದೋಸೆಗೆ ಇನ್ನೊಂದು ಗುಟ್ಟಿದೆ, ಹೋಟೆಲ್ ಕಲ್ಲಿನ ಮುಂದೆ ನಿಂತು ನೋಡಿದವರಿಗೆಲ್ಲ ಗೊತ್ತಿರುವುದೇ. ದಪ್ಪ ಕಬ್ಬಿಣ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅತಿಯಾಗಿ ಕಾದರೆ ಹಿಟ್ಟು ಹರಡುವ ಮೊದಲೇ ಬೆಂದು ಸೌಟಿನ ಜೊತೆ ಎದ್ದು ಬರುತ್ತದೆ. ಅದಕ್ಕೇ ನೀರು ಚಿಮುಕಿಸಿ ಒರೆಸೋದು. ಮನೆಯಲ್ಲಿ ಅರ್ಧ ಈರುಳ್ಳಿ ಚುಚ್ಚಿಕೊಂಡು ಉಜ್ಜುತ್ತೇನೆ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ಗರಿಗರಿ ದೋಸೆ ಈಗ ಬರುತ್ತಿದೆ. ನನ್ನ ಗುರಿ ಮಾತ್ರ ನಜರ್‌ಬಾದ್‌ನ ಮೈಲಾರಿ ಹೋಟೆಲ್ ದೋಸೆ ಥರದ್ದು: ಬಾಯಿಗಿಟ್ಟರೆ ಕರಗುವಷ್ಟು ಮೆತ್ತಗೆ, ಮೇಲೆ ಬೆಣ್ಣೆ ಉಂಡೆ, ಒಳಗೆ ಸಾಗು. ಅದು ಹಂಚಿಗಿಂತ ಹಿಟ್ಟಿನ ಸಮಸ್ಯೆ ಅಂತ ನನಗೀಗ ಖಾತ್ರಿಯಾಗಿದೆ. ಬೆಂಗಳೂರಿನ ಸ್ನೇಹಿತರು ಗರಿಗರಿಯೇ ಮೇಲು ಅಂತ ವಾದಕ್ಕೆ ಬರುತ್ತಾರೆ, ಬರಲಿ. ಬೆಳಗ್ಗೆ ಬೇಗ ಮೈಲಾರಿಯಲ್ಲಿ ಒಂದು ಸೆಟ್ ತಿಂದು, ಆಮೇಲೆ ಗುಜರಿ ಸುತ್ತೋದು ನನ್ನ ಕ್ರಮ. ಹಸಿದ ಹೊಟ್ಟೆಯಲ್ಲಿ ಚೌಕಾಸಿ ಆಗಲ್ಲ.

ಫಿಲ್ಟರ್ ಸಿಕ್ಕಿದ್ದು ಹಳೆ ಹಿತ್ತಾಳೆ ಕೊಟ್ಟು ಹೊಸ ಸ್ಟೀಲ್ ಒಯ್ಯುವ ಪಾತ್ರೆ ಅಂಗಡಿಯಲ್ಲಿ. ಮೇಲಿನ ಪಾತ್ರೆ, ಕೆಳಗಿನ ಪಾತ್ರೆ, ಪುಡಿ ಒತ್ತುವ ಬಿಲ್ಲೆ, ಮುಚ್ಚಳ, ನಾಲ್ಕೂ ಇತ್ತು. ಇದು ಅಪರೂಪ, ಬಿಲ್ಲೆ ಯಾವಾಗಲೂ ಕಳೆದುಹೋಗಿರುತ್ತದೆ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಅಕ್ಷರ ಇದೆ. ಯಾರ ಮದುವೆಯ ಪಾತ್ರೆಯೋ ಏನೋ. ಆ ಜಾಗವನ್ನು ಮಾತ್ರ ಜೋರಾಗಿ ಉಜ್ಜಲಿಲ್ಲ.

ಒಳಗಿನ ಕಲಾಯಿ ಪೂರ್ತಿ ಹೋಗಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ ಇರುವ ಯಾವುದು ಬಿದ್ದರೂ ಅದು ಸ್ವಲ್ಪ ಸ್ವಲ್ಪ ಬಿಡುತ್ತದೆ, ಕಾಫಿಯಲ್ಲೂ ಹುಳಿ ಇದೆ. ಹಾಗಾಗಿ ಕಲಾಯಿ ಇಲ್ಲದೆ ಡಿಕಾಕ್ಷನ್ ಇಳಿಸೋ ಮಾತೇ ಇಲ್ಲ. ಕಲಾಯಿ ಹಾಕುವವರನ್ನು ಹುಡುಕೋದೇ ಈಗ ದೊಡ್ಡ ಕೆಲಸ ಆಗಿದೆ. ಮೊದಲು ಬೀದಿಯಲ್ಲೇ ಕೂಗಿಕೊಂಡು ಬರುತ್ತಿದ್ದರು. ಪಾತ್ರೆ ಅಂಗಡಿಯವರನ್ನು ಕೇಳಿ, ಅವರು ಹೇಳಿದವರನ್ನು ಕೇಳಿ, ಕೊನೆಗೆ ಒಬ್ಬರು ಸಿಕ್ಕರು. ಬಿಟ್ಟು ಹೋಗಿ ಅಂದರು, ನಾನು ಅಲ್ಲೇ ಕೂತೆ. ಎಷ್ಟು ಚೆಂದ ಆ ಕೆಲಸ! ಇದ್ದಿಲ ಬೆಂಕಿಯಲ್ಲಿ ಪಾತ್ರೆ ಕಾಯಿಸಿದರು, ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚಿದರು, ಬಿಳಿ ಹೊಗೆ ಭಗ್ ಅಂತ ಎದ್ದಿತು. ಲೋಹದ ಮೇಲಿನ ಕೊಳೆ-ಕಿಲುಬು ಬಿಡಿಸಿ ತವರ ಹಿಡಿಯುವ ಹಾಗೆ ಮಾಡೋದು ಆ ನವಸಾಗರವೇ. ತವರದ ಕಡ್ಡಿ ತಾಗಿಸಿದ ಕೂಡಲೇ ಕರಗಿತು, ಹತ್ತಿ ಉಂಡೆಯಿಂದ ಒಂದು ಸುತ್ತು ಒರೆಸಿದರು, ಒಳಗೆಲ್ಲ ಬೆಳ್ಳಿ. ಫಿಲ್ಟರಿನ ತೂತುಗಳು ಮುಚ್ಚಿಹೋಗುತ್ತವೆ ಅಂತ ನನಗೆ ದಿಗಿಲಿತ್ತು. ಅವರು ಬಿಸಿ ಇರುವಾಗಲೇ ಪಾತ್ರೆಯನ್ನು ಜೋರಾಗಿ ಕೊಡವಿದರು, ಉಳಿದ ನಾಲ್ಕಾರು ತೂತನ್ನು ಮನೆಗೆ ಬಂದು ಸೂಜಿಯಲ್ಲಿ ಬಿಡಿಸಿದೆ.

ಮಾಡಿಸುವವರು ಎರಡು ವಿಷಯ ಗಮನದಲ್ಲಿಡಿ. ತವರಕ್ಕೆ ಸೀಸ ಬೆರೆಸಿದರೆ ಅಗ್ಗ, ಬೇಗ ಕರಗುತ್ತದೆ, ಆದರೆ ಸೀಸ ವಿಷ. ಶುದ್ಧ ತವರದ ಕಡ್ಡಿ ಬಗ್ಗಿಸಿದರೆ ಕಿರ್ ಅಂತ ಸದ್ದು ಮಾಡುತ್ತದೆ, ಕೇಳಿ ನೋಡಿ. ಮತ್ತೆ ತವರ ಕರಗೋದು 232 ಡಿಗ್ರಿಗೇ. ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆ ಮೇಲೆ ಮರೆತರೆ ಹಾಕಿಸಿದ್ದೆಲ್ಲ ತಳಕ್ಕೆ ಹರಿದು ಬರುತ್ತದೆ. ತಂತಿ ನಾರು ಕೂಡ ಬೇಡ.

ಡಿಕಾಕ್ಷನ್ ಈಗ ಚೆನ್ನಾಗಿ ಇಳಿಯುತ್ತಿದೆ, ನಿಧಾನಕ್ಕೆ, ಹನಿ ಹನಿಯಾಗಿ. ಪೀಬೆರಿ (ಒಂಟಿ ದುಂಡು ಬೀಜದ) ಕಾಫಿ ಪುಡಿಗೆ ಚಿಕೋರಿ 80ಕ್ಕೆ 20. ಪೂರ್ತಿ ಶುದ್ಧ ಕಾಫಿ ಕುಡಿಯುವವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಚಿಕೋರಿ ಒಂದು ಬೇರು, ಹುರಿದು ಪುಡಿ ಮಾಡಿದ್ದು, ಕೆಫೀನ್ ಇಲ್ಲ. ಹಾಲಿನ ಕಾಫಿಗೆ ಬಣ್ಣ, ದಪ್ಪ ಕೊಡುತ್ತದೆ, ನನಗೆ ಇಷ್ಟ. ಆದರೆ ಪೊಟ್ಟಣದ ಹಿಂದೆ ಓದಿ ಕೊಂಡುಕೊಳ್ಳಿ. ಕಾಫಿ 51 ಭಾಗ ಇದ್ದರೂ ಕಾಯಿದೆ ಪ್ರಕಾರ ಅದನ್ನು ಮಿಶ್ರಣ ಅಂತ ಮಾರಬಹುದು, ಉಳಿದ 49 ಚಿಕೋರಿ!

ಸಕ್ಕರೆ ಬದಲು ಬೆಲ್ಲ ಹಾಕೋ ಪ್ರಯೋಗವೂ ನಡೆದಿದೆ. ಮಂಡ್ಯ ಅಂದರೆ ಜನಕ್ಕೆ 1933ರ ಮೈಸೂರು ಸಕ್ಕರೆ ಕಂಪನಿ ನೆನಪಾಗುತ್ತದೆ, ನನಗೆ ಆಲೆಮನೆ. ಆ ಕಡೆಯಿಂದ ಬರುವ ಗಾಢ ಬಣ್ಣದ ಬೆಲ್ಲ ಕಾಫಿಗೆ ಬಹಳ ಹೊಂದುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಮಾತ್ರ ಒಡೆಯುವ ಅಪಾಯ. ಬೆಲ್ಲವನ್ನು ಬಿಸಿ ಡಿಕಾಕ್ಷನ್‌ನಲ್ಲಿ ಕರಗಿಸಿ, ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟ ಹಾಲನ್ನು ಮೇಲೆ ಹೊಯ್ಯಬೇಕು.

ಮಾರುಕಟ್ಟೆ ಕಡೆ ಹೋದಾಗ ನಂಜನಗೂಡು ರಸಬಾಳೆ ಕೇಳೋದು ಬಿಟ್ಟಿಲ್ಲ. ಒಂದೊಂದು ಸಲ ಸಿಗುತ್ತದೆ, ಸಿಕ್ಕಿದಾಗ ಬೆಲೆ ಕೇಳದೆ ತಗೋತೀನಿ. ಗುಜರಿಯಲ್ಲಿ ಹತ್ತು ರೂಪಾಯಿಗೆ ಜಗಳ ಆಡಿದ ಮನುಷ್ಯ ಇವನೇನಾ ಅಂತ ಮನೆಯವಳು ನಗುತ್ತಾಳೆ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದು ಬಿದ್ದ ಮೇಲೆ ಕೆಡವಬೇಕಾ ಉಳಿಸಬೇಕಾ ಅನ್ನೋ ವಾದ ಶುರುವಾಯಿತಲ್ಲ, ಹಳೆಯದನ್ನು ರಿಪೇರಿ ಮಾಡಿ ಬಳಸೋ ಚಟ ಇರುವವನು ಯಾವ ಕಡೆ ಅಂತ ಬೇರೆ ಹೇಳಬೇಕಾ?

ಉಳಿದಿರೋದು ಕೈ ಮಿಷನ್. ಎರಕದ ಮೈ, ಗೋಡೆಗೋ ಮೇಜಿಗೋ ಸ್ಕ್ರೂ ಹಾಕುವ ಥರದ್ದು. ಹಿಡಿ ಸರಿಯಿದೆ, ದಂಡವೂ ನೇರ ಇದೆ. ಒಳಗಿನ ಅರೆಯುವ ಬಿಲ್ಲೆಗಳ ಹಲ್ಲು ಸವೆದಿದೆ, ಬೀಜ ಪುಡಿಯಾಗದೆ ಜಜ್ಜಿ ಬರುತ್ತದೆ. ಲೇತ್ ಅಂಗಡಿಯಲ್ಲಿ ಹಲ್ಲು ಮತ್ತೆ ಕೊರೆಯಬಹುದು ಅಂದರು, ಆದರೆ ಅದಕ್ಕಿಂತ ಇದೇ ಅಳತೆಯ ಇನ್ನೊಂದು ಕೆಟ್ಟ ಮಿಷನ್ ಹುಡುಕಿ ಎರಡನ್ನೂ ಸೇರಿಸಿ ಒಂದು ಮಾಡೋದು ಸುಲಭ ಅಂತಲೂ ಅಂದರು. ಬಿಲ್ಲೆಯ ಅಡ್ಡಳತೆ ಬರೆದು ಜೇಬಲ್ಲಿ ಇಟ್ಟುಕೊಂಡಿದ್ದೇನೆ. ನಿಮ್ಮ ಅಟ್ಟದ ಮೇಲೆ ಅಂಥದ್ದು ಇದ್ದರೆ ತೂಕಕ್ಕೆ ಹಾಕಿಬಿಡಬೇಡಿ, ಮೊದಲು ನನಗೆ ಹೇಳಿ.