ಯೂನಿಟ್ ಅಂದ್ರೆ ಬರೀ ಬಾಲ ಅಲ್ಲ

ಮೊನ್ನೆ ಹಳೇ ನೋಟ್‌ಬುಕ್ ತೆಗೆದು ನೋಡ್ತಿದ್ದೆ, ಒಂದು ಲೆಕ್ಕದ ಕೊನೇಲಿ ಬರೀ 4.9 ಅಂತ ಬರ್ದಿದೀನಿ, ಮೀಟರೋ ಸೆಕೆಂಡೋ ದೇವರೇ ಬಲ್ಲ. ಆಗೆಲ್ಲ ಯೂನಿಟ್ ಅಂದ್ರೆ ಮಾರ್ಕ್ಸ್ ಹೋಗದೇ ಇರ್ಲಿ ಅಂತ ಅಂಟಿಸೋ ಬಾಲ ಅಂದ್ಕೊಂಡಿದ್ದೆ. ಆದ್ರೆ ಡೈಮೆನ್ಷನ್ (ಅಂದ್ರೆ ಅಳೀತಿರೋದು ಉದ್ದಾನೋ, ಟೈಮೋ, ತೂಕಾನೋ, ಇವುಗಳ ಯಾವ ಜೋಡಣೆಯೋ ಅನ್ನೋದು) ನೋಡಿದ್ರೇನೇ ಅರ್ಧ ಉತ್ತರ ಸಿಕ್ಬಿಡುತ್ತೆ ಕಣ್ರೀ. ಲೋಲಕ ಒಂದ್ಸಲ ಹೋಗಿ ಬರೋಕೆ ಎಷ್ಟು ಟೈಮ್ ಬೇಕು ಅನ್ನೋದನ್ನೇ ತಗೊಳ್ಳಿ, ದಾರದ ಉದ್ದಾನ ಗುರುತ್ವದ ವೇಗೋತ್ಕರ್ಷದಿಂದ (ಮೀಟರ್ ಪ್ರತಿ ಸೆಕೆಂಡ್ ಸ್ಕ್ವೇರ್) ಭಾಗಿಸಿದ್ರೆ ಮೀಟರ್ ಹಾರಿಹೋಗಿ ಸೆಕೆಂಡ್ ಸ್ಕ್ವೇರ್ ಉಳಿಯುತ್ತೆ, ಅದರ ವರ್ಗಮೂಲ ತೆಗೆದ್ರೆ ಟೈಮ್ ಬಂತು, ಗುಂಡಿನ ತೂಕಕ್ಕೆ ಜಾಗಾನೇ ಇಲ್ಲ, ಯಾಕಂದ್ರೆ ಅದರ ಕೆಜಿನ ಕ್ಯಾನ್ಸಲ್ ಮಾಡೋಕೆ ಇನ್ನೊಂದು ಕೆಜಿ ಎಲ್ಲೂ ಇಲ್ವಲ್ಲ! ಸೂತ್ರದಲ್ಲಿ ಆ ವರ್ಗಮೂಲದ ಮುಂದಿರೋ 2 ಪೈ ಮಾತ್ರ ಈ ದಾರೀಲಿ ಸಿಗಲ್ಲ, ಅದಕ್ಕೆ ಡೈಮೆನ್ಷನ್ನೇ ಇಲ್ಲ.

ಯೂನಿಟ್ ಎಡವಟ್ಟು ಅಂದ್ರೆ ಎಲ್ರೂ ಹೇಳೋದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ. ಒಂದು ಸಾಫ್ಟ್‌ವೇರ್ ಥ್ರಸ್ಟರ್‌ಗಳ ಇಂಪಲ್ಸ್‌ನ (ನೌಕೆನ ತಳ್ಳೋ ಪುಟ್ಟ ಇಂಜಿನ್‌ಗಳು ಎಷ್ಟು ಬಲದಲ್ಲಿ, ಎಷ್ಟು ಹೊತ್ತು ತಳ್ಳಿದ್ವು ಅನ್ನೋ ಲೆಕ್ಕ) ಪೌಂಡ್-ಸೆಕೆಂಡಲ್ಲಿ ಕೊಡ್ತಿತ್ತು, ಇನ್ನೊಂದು ಅದನ್ನ ನ್ಯೂಟನ್-ಸೆಕೆಂಡ್ ಅಂತ ಓದ್ತಿತ್ತು, ಸುಮಾರು 4.45 ಪಟ್ಟು ವ್ಯತ್ಯಾಸ. 1999ರ ಸೆಪ್ಟೆಂಬರಲ್ಲಿ ನೌಕೆ ಮಂಗಳಕ್ಕೆ ತೀರಾ ಹತ್ರ ಹೋಗಿ ಕಳ್ದೇ ಹೋಯ್ತು. ಇಲ್ಲಿ ಡೈಮೆನ್ಷನ್ ಚೆಕ್ ಮಾಡಿದ್ರೂ ತಪ್ಪು ಸಿಕ್ತಿರ್ಲಿಲ್ಲ ಅನ್ನೋದನ್ನ ಯಾರೂ ಹೇಳಲ್ಲ, ಎರಡರದ್ದೂ ಡೈಮೆನ್ಷನ್ ಒಂದೇ, ಅಳತೆ ಮಾತ್ರ ಬೇರೆ.

ಟಾರ್ಕ್ (ಬಲದಿಂದ ಆಗೋ ತಿರುಗಿಸೋ ಪರಿಣಾಮ) ಇನ್ನೂ ಮಜಾ, ಅದೂ ನ್ಯೂಟನ್-ಮೀಟರ್, ಎನರ್ಜೀನೂ ನ್ಯೂಟನ್-ಮೀಟರ್, ಆದ್ರೂ ಟಾರ್ಕ್‌ನ ಜೂಲ್ (ಎನರ್ಜಿಯ ಯೂನಿಟ್) ಅಂತ ಬರೆದ್ರೆ ಬೈಸ್ಕೊತೀರ.